ಇಲಿಜ್ವರ: ಚೇತರಿಸಿಕೊಂಡ ನಾಯಿಯ ಬಗ್ಗೆಯೂ ಎಚ್ಚರ ಬೇಕು

ಪ್ರಶ್ನೆ: ನಮ್ಮ ಬೀದಿನಾಯಿ ಆಶ್ರಯತಾಣದಲ್ಲಿ ಒಂದು ನಾಯಿಗೆ ಇಲಿಜ್ವರ ಖಚಿತವಾಗಿತ್ತು. ಈಗ ವಾಂತಿ ನಿಂತಿದೆ, ಅನ್ನ ತಿನ್ನುತ್ತಿದೆ. ಉಳಿದವುಗಳ ಜೊತೆ ಬಿಡಬಹುದೇ? ಗೂಡು ತೊಳೆಯುವವರು ಏನು ಜಾಗ್ರತೆ ವಹಿಸಬೇಕು?
— ಓದುಗರು, ಸುರತ್ಕಲ್

ಉತ್ತರ: ಈಗಲೇ ಬಿಡಬೇಡಿ. ನಾಯಿ ಹುಷಾರಾದಂತೆ ಕಂಡರೂ ಇಲಿಜ್ವರದ ರೋಗಾಣು ಲೆಪ್ಟೋಸ್ಪೈರಾ ಮೂತ್ರಪಿಂಡದಲ್ಲಿ ಉಳಿದಿರಬಹುದು. ಚಿಕಿತ್ಸೆ ಅರ್ಧಕ್ಕೆ ನಿಂತರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೂತ್ರದಲ್ಲಿ ಹೊರಬೀಳುತ್ತದೆ. ಪೆನಿಸಿಲಿನ್ ಚುಚ್ಚುಮದ್ದಷ್ಟೇ ಸಾಲದು. ಮೂತ್ರಪಿಂಡ ಶುದ್ಧವಾಗಲು ಡಾಕ್ಸಿಸೈಕ್ಲಿನ್ ಬೇಕು. ಸಾಮಾನ್ಯ ಪ್ರಮಾಣ ಕಿಲೋ ತೂಕಕ್ಕೆ 5 ಮಿ.ಗ್ರಾಂ., ದಿನಕ್ಕೆರಡು ಸಲ, ಎರಡು ವಾರ. ಬರಿಹೊಟ್ಟೆಗೆ ಕೊಟ್ಟರೆ ಮತ್ತೆ ವಾಂತಿ ಶುರುವಾಗಬಹುದು. ಊಟದ ಜೊತೆ ಕೊಡಿ, ಆದರೆ ಮೊಸರನ್ನ ಬೇಡ. ಹಾಲು-ಮೊಸರು ಸೇರಿದರೆ ಮದ್ದು ಮೈಗೆ ಹತ್ತುವುದು ಕಡಿಮೆ. ಅದೇ ಗೂಡಿನಲ್ಲಿದ್ದ ಬೇರೆ ನಾಯಿಗಳಿಗೂ ಇದೇ ಮದ್ದು ಕೊಡುವ ಬಗ್ಗೆ ಪಶುವೈದ್ಯರನ್ನು ಕೇಳಿ.

ತೊಳೆಯುವಾಗ ಹೆಚ್ಚಿನ ಕಡೆ ಆಗುವ ತಪ್ಪು, ಪೈಪಿನ ಬಾಯಿ ಒತ್ತಿ ನೀರು ಚಿಮ್ಮಿಸುವುದು. ಮೂತ್ರದ ಹನಿ ಹಾರಿ ಕಣ್ಣು, ಬಾಯಿಗೆ ಬೀಳುತ್ತದೆ. ಮೂತ್ರವನ್ನು ಮೊದಲು ಹಳೆ ಪೇಪರಿನಿಂದ ಹೀರಿಸಿ ತೆಗೆಯಿರಿ. ಸೋಪುನೀರು ಹಾಕಿ ಹಿಡಿಸೂಡಿಯಿಂದ ಮೆಲ್ಲಗೆ ಉಜ್ಜಿ ಬಳಿಯಿರಿ. ಆಮೇಲೆ 10 ಲೀಟರ್ ನೀರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹರಡಿ, 10 ನಿಮಿಷ ಬಿಡಿ, ಚೆನ್ನಾಗಿ ತೊಳೆಯಿರಿ. ನೆಲ ಒಣಗಿದ ಮೇಲೆಯೇ ನಾಯಿಯನ್ನು ಒಳಬಿಡಿ. ಮೂತ್ರದ ಮೇಲೆಯೇ ಬ್ಲೀಚ್ ಸುರಿದರೆ ಕ್ಲೋರಿನ್ ಅಲ್ಲೇ ಖರ್ಚಾಗಿಹೋಗುತ್ತದೆ, ಉಸಿರುಕಟ್ಟಿಸುವ ಗಾಳಿಯೂ ಏಳುತ್ತದೆ. ಆಸಿಡ್ ಜೊತೆಗಂತೂ ಬೆರೆಸಲೇಬಾರದು. ಆಟಿ ತಿಂಗಳ ಮಳೆಯ ತೇವಕ್ಕೆ ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮುದ್ದೆಕಟ್ಟಿ ವಾಸನೆಯೇ ಇಲ್ಲದ್ದನ್ನು ಎಸೆಯಿರಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ತೂತುತೂತಾಗಿ ತೇವ ಹಿಡಿದಿಡುತ್ತದೆ, ಅದರ ಮೇಲೆ ನಯವಾದ ಸಿಮೆಂಟು ಸಾರಣೆ ಮಾಡಿಸುವುದು ಒಳ್ಳೆಯದು. ರಾತ್ರಿ ಉಳಿದ ಅನ್ನ ಇಲಿಗಳಿಗೆ ಸಿಗದಂತೆ ಎತ್ತಿಡಿ.

ಕೆಲಸದವರಿಗೆ ಗಂಬೂಟು, ರಬ್ಬರ್ ಗ್ಲೌಸ್, ಕನ್ನಡಕ, ಮಾಸ್ಕ್ ಬೇಕೇಬೇಕು. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ಆಗುವ ಕೆಸರುಹುಣ್ಣೇ ರೋಗಾಣುವಿಗೆ ದಾರಿ. ಅಂಥ ಹುಣ್ಣಿರುವವರನ್ನು ಆ ಗೂಡಿಗೆ ಕಳಿಸಬೇಡಿ. ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತದೆ. ಡೆಂಗ್ಯೂ ಇರಬೇಕೆಂದು ಮನೆಯಲ್ಲೇ ಕಾಯಬೇಡಿ. “ನಾಯಿಗಳ ನಡುವೆ ಕೆಲಸ ಮಾಡುತ್ತೇನೆ” ಎಂದು ವೈದ್ಯರಿಗೆ ಮೊದಲೇ ಹೇಳಿ. ಆರಂಭದ ದಿನಗಳಲ್ಲಿ ಇಲಿಜ್ವರ ಪತ್ತೆಮಾಡುವ ಐಜಿಎಂ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ಅದಕ್ಕಾಗಿ ಚಿಕಿತ್ಸೆ ತಡವಾಗಬಾರದು. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಲಸಿಕೆ ಹಾಕಿಸಿದ ನಾಯಿಗೂ ಬರುತ್ತದೆಯೇ?
— ಓದುಗರು, ಮಲ್ಪೆ

ಉತ್ತರ: ಬರಬಹುದು. ರೋಗಾಣುವಿನಲ್ಲಿ ಹಲವು ಬಗೆಗಳಿವೆ, ಲಸಿಕೆ ತನ್ನಲ್ಲಿರುವ ಬಗೆಗಳಿಗೆ ಮಾತ್ರ ಸರಿಯಾಗಿ ರಕ್ಷಣೆ ಕೊಡುತ್ತದೆ. ಆದರೂ ಹಾಕಿಸಿ. ಮೊದಲ ವರ್ಷ 3–4 ವಾರ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಎರಡನೆಯ ಡೋಸ್ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದ ಸುಮಾರಿಗೆ ಮಳೆಗಾಲಕ್ಕೆ ಮುಂಚೆಯೇ, ಮುಗಿದಿರಲಿ.