ನೈಕಾ ಷೇರು ಇಟ್ಟುಕೊಳ್ಳಲೇ, ಮಾರಲೇ? ಟೀರಾ, ಬ್ಲಿಂಕಿಟ್ ಎದುರು ಅದು ಬೆಳೆಯುತ್ತದೆಯೇ?

ಮೇಕಪ್ ಸಾಮಾನು ಆನ್‌ಲೈನಿನಲ್ಲಿ ಮಾರುವ ನೈಕಾ ಕಂಪನಿಯ ಷೇರಿನ ಬಗ್ಗೆ ನಿಮ್ಮ ಗೆಳೆಯರಲ್ಲಿ ಒಬ್ಬರು "ಎರಡು ಸಾವಿರ ಇದ್ದ ಷೇರು ಇನ್ನೂರು ಚಿಲ್ಲರೆಗೆ ಬಂತು, ಕಥೆ ಮುಗೀತು" ಅಂತಾರೆ. ಇನ್ನೊಬ್ಬರು "ಮಾರಾಟ ವರ್ಷ ವರ್ಷ ಏರ್ತಿದೆ, ಬಿಡಬೇಡಿ" ಅಂತಾರೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಮೊದಲನೆಯವರ ಲೆಕ್ಕ ತಪ್ಪು. 2021ರ ನವೆಂಬರ್‌ನಲ್ಲಿ ಐಪಿಒ ಬೆಲೆ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರಿದ ಬೆಲೆ, 1,125 ರೂಪಾಯಿ ಇತ್ತು. ಪೇಟೆಗೆ ಬಂದ ದಿನವೇ ಎರಡು ಸಾವಿರ ದಾಟಿತು. ಮರುವರ್ಷ ಒಂದು ಷೇರಿಗೆ ಐದು ಬೋನಸ್, ಅಂದರೆ ದುಡ್ಡಿಲ್ಲದೆ ಹೆಚ್ಚುವರಿ ಷೇರು, ಕೊಟ್ಟರು. ನನಗೆ ಸಿಕ್ಕಿದ್ದ ಒಂದು ಲಾಟ್, ಅಂದರೆ 12 ಷೇರು, 72 ಆಯಿತು. ಷೇರು ಆರು ಪಟ್ಟಾದರೆ ಒಂದೊಂದರ ಬೆಲೆ ಆರರಲ್ಲಿ ಒಂದು ಪಾಲಾಗುತ್ತದೆ. ಹಾಗಾಗಿ ಈಗಿನ ಲೆಕ್ಕದಲ್ಲಿ ಐಪಿಒ ಬೆಲೆ 187 ರೂಪಾಯಿ 50 ಪೈಸೆ. ಇವತ್ತಿನ ಬೆಲೆಯನ್ನು ಇದಕ್ಕೆ ಹೋಲಿಸಿ ನೋಡಿ.

ಎರಡನೆಯವರು ಹೇಳಿದ್ದು ನಿಜ, ಆದರೆ ಅರ್ಧ ಮಾತ್ರ. 2024-25ರಲ್ಲಿ ಆದಾಯ ಸುಮಾರು 7,950 ಕೋಟಿ. ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ. ಕೈಗೆ ಉಳಿದ ಲಾಭ 70 ಕೋಟಿ ಚಿಲ್ಲರೆ. ನೂರು ರೂಪಾಯಿ ವ್ಯಾಪಾರಕ್ಕೆ ಒಂದು ರೂಪಾಯಿಯೂ ಉಳಿಯಲಿಲ್ಲ!

ನಮ್ಮಣ್ಣನ ಫ್ಯಾನ್ಸಿ ಸ್ಟೋರ್ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿದೆ. ರಾತ್ರಿ ಲೆಕ್ಕ ಬರೆಯುವುದು ನಾನೇ. ಲಿಪ್‌ಸ್ಟಿಕ್ ತಗೊಳ್ಳುವವರು ಮೊದಲ ಸಲ ಅರ್ಧ ಗಂಟೆ ನಿಲ್ಲುತ್ತಾರೆ, ಕೈಮೇಲೆ ಹಚ್ಚಿ ಬಾಗಿಲ ಬೆಳಕಿಗೆ ಹೋಗಿ ನೋಡುತ್ತಾರೆ. ಒಂದು ಬಣ್ಣ ಮನಸ್ಸಿಗೆ ಬಂತೋ, ಮುಂದೆ ಅದೇ ನಂಬರ್ ಕೇಳಿಕೊಂಡು ಬರುತ್ತಾರೆ. ಕಾಡಿಗೆಯೂ ಹಾಗೇ, ತೀರುತ್ತದೆ, ಮತ್ತೆ ಬೇಕು. ತೆರೆದ ಡಬ್ಬಿಯನ್ನು ಯಾರೂ ವಾಪಸ್ ತರುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಹಾಗಲ್ಲ. ಹತ್ತು ಸೀರೆ ಬಿಚ್ಚಿಸಿ ಒಂದನ್ನೂ ಒಯ್ಯದೆ ಹೋಗುವವರಿದ್ದಾರೆ. ಅಂಗಡಿಯವನಿಗೆ ಮಡಚುವ ಕೆಲಸ ಅಷ್ಟೇ. ಆನ್‌ಲೈನಿನಲ್ಲಿ ಬಟ್ಟೆ ಮನೆ ತನಕ ಹೋಗಿ ವಾಪಸ್ ಬರುತ್ತದೆ, ಹೋಗುವ ಬರುವ ಖರ್ಚು ಮಾರುವ ಕಡೆಯವರ ತಲೆಗೇ. ನೈಕಾ 2018ರಲ್ಲಿ ಈ ಬಟ್ಟೆ ವ್ಯಾಪಾರಕ್ಕೂ ಕೈಹಾಕಿತು. ಎದುರಿಗೆ ಆನ್‌ಲೈನ್ ಬಟ್ಟೆ ಅಂಗಡಿ ಮಿಂತ್ರಾ ಗಟ್ಟಿಯಾಗಿ ಕೂತಿದೆ. 2024-25ರಲ್ಲೂ ಆ ವಿಭಾಗ ನಷ್ಟದಲ್ಲೇ ಇತ್ತು. ಮೇಕಪ್ ಸಾಮಾನಿನಲ್ಲಿ ದುಡಿದದ್ದು ಅಲ್ಲಿ ಕರಗುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಪೈಪೋಟಿ. ರಿಲಯನ್ಸಿನ ಮೇಕಪ್ ಮಳಿಗೆ ಟೀರಾ 2023ರಲ್ಲಿ ಬಂತು. ದುಡ್ಡಿನ ಬಲ ಇದೆ, ಆದರೆ ನನಗೆ ಅದರ ಭಯ ಅಷ್ಟಿಲ್ಲ. ಮುಖಕ್ಕೆ ಹಚ್ಚುವ ವಸ್ತು ನಕಲಿ ಬಂದರೆ ಅಂತ ಹೆಂಗಸರಿಗೆ ನಿಜವಾದ ಹೆದರಿಕೆ ಇರುತ್ತದೆ. ಅಮೆಜಾನ್, ಫ್ಲಿಪ್‌ಕಾರ್ಟ್ ವಿದೇಶಿ ಬಂಡವಾಳದವು, ಸರಕು ತಾವೇ ಕೊಂಡಿಟ್ಟು ಗಿರಾಕಿಗೆ ಮಾರಲು ನಮ್ಮ ಕಾನೂನು ಬಿಡುವುದಿಲ್ಲ, ಅಲ್ಲಿ ಮಾರುವವರು ಬೇರೆ ವ್ಯಾಪಾರಿಗಳು. ನೈಕಾಕ್ಕೆ ಆ ತಡೆ ಇಲ್ಲ. ಮೇಕಪ್ ಸಾಮಾನನ್ನು ಹೆಚ್ಚಾಗಿ ಕಂಪನಿಗಳಿಂದ ನೇರ ಕೊಂಡು ತನ್ನ ಗೋದಾಮಿನಿಂದ ಕಳಿಸುತ್ತದೆ. ಆ ನಂಬಿಕೆ ಟೀರಾ ಒಂದೆರಡು ವರ್ಷದಲ್ಲಿ ಕಟ್ಟುವಂಥದ್ದಲ್ಲ.

ನನ್ನ ಭಯ ಇರುವುದು ನಿಮಿಷಗಳಲ್ಲಿ ಸಾಮಾನು ಮನೆಗೆ ತಂದುಕೊಡುವ ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೊಗಳದ್ದು. ಹೊಸ ಬಣ್ಣ ಹುಡುಕಲು ಹೆಣ್ಣುಮಕ್ಕಳು ನೈಕಾಕ್ಕೆ ಹೋಗುತ್ತಾರೆ. ಆದರೆ ಗೊತ್ತಿರುವ ಕಾಡಿಗೆ ತೀರಿದಾಗ? ದೊಡ್ಡ ಊರುಗಳಲ್ಲಿ ಹತ್ತಿಪ್ಪತ್ತು ನಿಮಿಷದಲ್ಲಿ ಬರುವುದನ್ನು ಬಿಟ್ಟು ಹೆಚ್ಚು ಹೊತ್ತು ಯಾಕೆ ಕಾಯಬೇಕು, ಅಲ್ವಾ? ಗಿರಾಕಿಯನ್ನು ಜಾಹೀರಾತು ಕೊಟ್ಟು ಕರೆತರುವ ಖರ್ಚು ನೈಕಾದ್ದು, ಖರ್ಚಿಲ್ಲದೆ ಬರುವ ಎರಡನೇ, ಮೂರನೇ ಮಾರಾಟ ಬೇರೆಯವರದ್ದು ಆಗಿಬಿಡಬಹುದು. ನಮ್ಮ ಅಂಗಡಿ ನಡೆಯುವುದೇ ಆ ಎರಡನೇ, ಮೂರನೇ ಮಾರಾಟದಿಂದ. ಹಾಗಾಗಿ ಈ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ.

ತ್ರೈಮಾಸಿಕ ಫಲಿತಾಂಶ ಬಂದಾಗ ಜಿಎಂವಿ, ಅಂದರೆ ಬಂದ ಆರ್ಡರುಗಳ ಒಟ್ಟು ಮೊತ್ತ, ಎಷ್ಟು ಏರಿತು ಅಂತ ಸುಮ್ನೆ ಖುಷಿಪಡಬೇಡಿ, ಅದರಲ್ಲಿ ರಿಯಾಯಿತಿ, ವಾಪಸ್ ಬಂದ ಮಾಲು ಎಲ್ಲ ಸೇರಿರುತ್ತದೆ. ಜಾಹೀರಾತು ಖರ್ಚು, ಬಟ್ಟೆ ವಿಭಾಗದ ನಷ್ಟ, ಹಳೇ ಗಿರಾಕಿಗಳ ಆರ್ಡರ್, ಈ ಮೂರನ್ನು ನೋಡಿ. ನಾನು ನನ್ನ 72 ಷೇರು ಇಟ್ಟುಕೊಂಡಿದ್ದೇನೆ. ಹೊಸದಾಗಿ ಒಂದನ್ನೂ ಕೊಂಡಿಲ್ಲ. ನೀವು ಹಾಕಿರುವುದು ಮಕ್ಕಳ ಫೀಸಿಗೋ ಮದುವೆಗೋ ಎತ್ತಿಟ್ಟ ದುಡ್ಡಾಗಿದ್ದರೆ ಅಷ್ಟನ್ನು ಈಗಲೇ ತೆಗೆದುಬಿಡಿ.