ಶಿನ್ ಗಾರ್ಡ್ ಹಾಕಿದರೆ ಮಗನ ಚುರುಕು ಕಡಿಮೆಯಾಗುತ್ತಾ?

ನಿಮ್ಮ 14 ವರ್ಷದ ಮಗ ‘ಶಿನ್ ಗಾರ್ಡ್ ಹಾಕಿದ್ರೆ ಬೇಗ ತಿರುಗೋಕೆ ಆಗಲ್ಲ’ ಅಂತ ಪ್ರಾಕ್ಟೀಸ್‌ನಲ್ಲಿ ಬಿಚ್ಚಿಡುತ್ತಾನೆ, ಇದು ನಿಜವಾ ಎಂದು ಕೇಳಿದ್ದೀರಿ. ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಗೆ ಏಟು ಬೀಳದಂತೆ ಸಾಕ್ಸ್ ಒಳಗೆ ಹಾಕುವ ಗಟ್ಟಿ ತಟ್ಟೆಯೇ ಈ ಶಿನ್ ಗಾರ್ಡ್. ನಾನು ಈ ವಯಸ್ಸಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಹೆಚ್ಚಿನ ಸಲ ತಪ್ಪು ಶಿನ್ ಗಾರ್ಡಿನದಲ್ಲ, ಅದರ ಅಳತೆಯದು.

ನಮ್ಮಲ್ಲೊಬ್ಬ ಹುಡುಗ ಅಣ್ಣನ ಹಳೆಯ ಗಾರ್ಡ್ ಹಾಕಿಕೊಂಡು ಬರುತ್ತಿದ್ದ. ಐದು ನಿಮಿಷಕ್ಕೊಮ್ಮೆ ಬಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತಿದ್ದ. ಕಾಲೂರಿ ತಿರುಗುವಾಗ ಅದರ ಕೆಳ ಅಂಚು ಪಾದ ಮಡಚುವ ಜಾಗಕ್ಕೆ ಚುಚ್ಚುತ್ತಿತ್ತು. ಅದಕ್ಕೇ ಮಂಡಿ ಬಗ್ಗಿಸದೆ, ದೊಡ್ಡದಾಗಿ ಸುತ್ತು ಹಾಕಿ ತಿರುಗುತ್ತಿದ್ದ. ಒಂದು ಸೈಜ್ ಚಿಕ್ಕದು ಕೊಟ್ಟು, ಸಾಕ್ಸ್ ಮೇಲೆ ಟೇಪ್ ಸುತ್ತಿಸಿದೆ. ಆಮೇಲೆ ಅವನು ಗಾರ್ಡ್ ಇದೆ ಅನ್ನೋದನ್ನೇ ಮರೆತ. ನಿಮ್ಮ ಮಗನನ್ನೂ ಗಾರ್ಡ್ ಹಾಕಿಸಿ ಕೂರಿಸಿ, ಕಾಲ್ಬೆರಳನ್ನು ಮೇಲಕ್ಕೆಳೆಯಲು ಹೇಳಿ. ಅಂಚು ಪಾದಕ್ಕೆ ತಾಗಿದರೆ ಅದು ದೊಡ್ಡದಾಯಿತು.

ಭಾರದ ವಿಷಯ? ಸೊಂಟದಲ್ಲಿರುವ ಭಾರಕ್ಕಿಂತ ಕಾಲಿನ ತುದಿಯ ಭಾರ ಜಾಸ್ತಿ ಕಾಡುತ್ತದೆ, ಯಾಕಂದ್ರೆ ಪ್ರತಿ ಹೆಜ್ಜೆಗೂ ಅದನ್ನು ಬೀಸಬೇಕು. ಹಾಗಾಗಿ ಹಗುರವಾದ ಶಿನ್ ಗಾರ್ಡಿಗಿಂತ ಒದ್ದೆಯಾದ ದಪ್ಪ ಬೂಟಿನ ಮೇಲೆ ನನಗೆ ಅನುಮಾನ ಜಾಸ್ತಿ. ಅದರಲ್ಲೂ ‘ಬೆಳೆಯೋ ಕಾಲು’ ಅಂತ ದೊಡ್ಡ ಬೂಟು ಕೊಡಿಸಿದ್ದರೆ, ತಿರುಗುವಾಗ ಬೂಟು ನಿಲ್ಲುತ್ತದೆ, ಒಳಗೆ ಪಾದ ಜಾರುತ್ತದೆ. (ನಾನೂ ನನ್ನ ಮಗನಿಗೆ ಈ ತಪ್ಪು ಮಾಡಿದ್ದೇನೆ.)

ಇನ್ನೊಂದು ಮಾತು. ಇತ್ತೀಚೆಗೆ ಅವನು ದಿಢೀರನೆ ಉದ್ದ ಆಗಿದ್ದಾನಾ? ಆಗ ಕೆಲವು ತಿಂಗಳು ಕೈಕಾಲು ಹೇಳಿದ ಮಾತು ಕೇಳಲ್ಲ. ಪಾಪ, ಬೈಗುಳ ಮಾತ್ರ ಗಾರ್ಡಿಗೆ.

ಅನುಮಾನವಿದ್ದರೆ ಓಟದ ಸಮಯ ಅಳೆದೇ ನೋಡಿ. ಇಂಗ್ಲಿಷಿನ ಟಿ ಆಕಾರದಲ್ಲಿ ನಾಲ್ಕು ಕೋನ್ ಇಡಿ. 10 ಮೀಟರ್ ಮುಂದಕ್ಕೆ ಓಟ, ಅಡ್ಡಡ್ಡಲಾಗಿ 5 ಮೀಟರ್ ಎಡಕ್ಕೆ, 10 ಬಲಕ್ಕೆ, ಮತ್ತೆ 5 ಮಧ್ಯಕ್ಕೆ, ಅಲ್ಲಿಂದ ಹಿಮ್ಮುಖವಾಗಿ ವಾಪಸ್. ಗಾರ್ಡ್ ಹಾಕಿ ಮೂರು ಸಲ, ಬಿಚ್ಚಿ ಮೂರು ಸಲ, ಒಂದು ಬಿಟ್ಟು ಒಂದು, ನಡುವೆ ಚೆನ್ನಾಗಿ ವಿಶ್ರಾಂತಿ ಕೊಟ್ಟು. ಬಿಚ್ಚಿ ಓಡುವ ಮೂರೂ ಸಲವನ್ನು ಕೊನೆಗೆ ಇಟ್ಟರೆ ಸುಸ್ತೇ ಲೆಕ್ಕ ಕೆಡಿಸುತ್ತದೆ. ನಮ್ಮ ಹುಡುಗರಲ್ಲಿ ಗಾರ್ಡ್ ಹಾಕಿದ ಮೂರು ಓಟಗಳ ನಡುವೆಯೇ ಇದ್ದಷ್ಟು ವ್ಯತ್ಯಾಸ, ಹಾಕಿದ್ದಕ್ಕೂ ಬಿಚ್ಚಿದ್ದಕ್ಕೂ ಇರಲಿಲ್ಲ.

ಕಾಲು ಉಳುಕಿದ ಮೇಲೆ ಹಾಕುವ ಆ್ಯಂಕಲ್ ಬ್ರೇಸ್ (ಪಾದದ ಕೀಲಿಗೆ ಹಾಕುವ ಬಿಗಿ ಪಟ್ಟಿ) ಕತೆ ಸ್ವಲ್ಪ ಬೇರೆ. ಪಾದ ಪಕ್ಕಕ್ಕೆ ವಾಲದಂತೆ ಹಿಡಿಯೋದೇ ಅದರ ಕೆಲಸ, ಹಾಗಾಗಿ ಮೊದಮೊದಲು ಬಿಗಿ ಅನಿಸುತ್ತದೆ. ಅಭ್ಯಾಸವಾಗಲು ಸಮಯ ಕೊಡಿ. ಮಂಡಿಯ ಬ್ರೇಸ್ ಮಾತ್ರ ಫಿಸಿಯೋ ಹೇಳದೆ ಹಾಕಿಸಬೇಡಿ.

1874ರಲ್ಲಿ ಸ್ಯಾಮ್ ವಿಡೋಸನ್ ಎಂಬ ಇಂಗ್ಲೆಂಡಿನ ಆಟಗಾರ ಕ್ರಿಕೆಟ್ ಪ್ಯಾಡನ್ನೇ ಕತ್ತರಿಸಿ ಸಾಕ್ಸ್ ಮೇಲೆ ಕಟ್ಟಿಕೊಂಡು ಆಡಿದ್ದನಂತೆ. ಮಗ ಗೊಣಗಿದರೆ ಇದನ್ನು ಹೇಳಿ. ಈಗ ಆಟದ ನಿಯಮ 4ರ ಪ್ರಕಾರ ಮ್ಯಾಚಿನಲ್ಲಿ ಶಿನ್ ಗಾರ್ಡ್ ಕಡ್ಡಾಯ. ವಾರವೆಲ್ಲಾ ಬಿಚ್ಚಿ ಆಡಿ, ಮ್ಯಾಚ್ ದಿನ ಮಾತ್ರ ಹಾಕಿದರೆ ಕಾಲು ಬೇರೆಯವರದ್ದು ಅನಿಸದೆ ಇರುತ್ತಾ? ನಾಳೆಯಿಂದ ವಾರ್ಮ್‌ಅಪ್‌ಗೂ ಹಾಕಿಸಿ.