ನೀಲಿ ಬಣ್ಣ ಹೋದರೆ ಪಿಷ್ಟವೂ ಹೋದಂತೆಯೇ?

ಪ್ರಶ್ನೆ: ಜೊಲ್ಲಿನ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಪ್ರಯೋಗದಲ್ಲಿ 80 ಡಿಗ್ರಿ ಸೆಲ್ಸಿಯಸ್‌ನ ಪ್ರನಾಳಕ್ಕೂ ಪಿಎಚ್ 10ರ ಪ್ರನಾಳಕ್ಕೂ ಅಯೋಡಿನ್ ಹಾಕಿದಾಗ ನೀಲಿ ಬರಲೇ ಇಲ್ಲ. ಅಲ್ಲೂ ಪಿಷ್ಟ ಜೀರ್ಣವಾಯಿತೇ? ಪುಸ್ತಕದಲ್ಲಿ ಅದು ಚೆನ್ನಾಗಿ ಕೆಲಸ ಮಾಡುವುದು 37 ಡಿಗ್ರಿ, ಪಿಎಚ್ 6.8ರಲ್ಲಿ ಅಂತಿದೆಯಲ್ಲ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಪುಸ್ತಕ ಸರಿಯಾಗಿಯೇ ಇದೆ, ಕೈಕೊಟ್ಟದ್ದು ಅಯೋಡಿನ್. ಪಿಷ್ಟದ ಸುರುಳಿಯೊಳಗೆ ಅದು ಸೇರಿಕೊಂಡಾಗ ಮಾತ್ರ ನೀಲಿ. ಬಿಸಿಯಲ್ಲಿ ಹೊರಬೀಳುತ್ತದೆ, ಪಿಷ್ಟವಿದ್ದೂ ಬಣ್ಣ ಕಾಣದು. ಪ್ರನಾಳವನ್ನು ನಲ್ಲಿ ನೀರಿನಡಿ ತಣಿಸಿ, ಇನ್ನೊಂದು ಹನಿ ಅಯೋಡಿನ್ ಹಾಕಿ ನೋಡಿ. ಕ್ಷಾರದಲ್ಲಾದರೆ ಅಯೋಡಿನ್ನೇ ಬೇರೆ ರೂಪಕ್ಕೆ ಹೋಗಿ ಬಣ್ಣ ಕೊಡುವುದಿಲ್ಲ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ದ್ರಾವಣ ಆಮ್ಲೀಯವಾದಾಗ ನೀಲಿ ಮರಳಿದರೆ ಪಿಷ್ಟ ಅಲ್ಲೇ ಇತ್ತೆಂದು ತಿಳಿಯಿರಿ. ಜೊಲ್ಲಿನ ಬದಲು ಬರಿ ನೀರು ಹಾಕಿದ ಇನ್ನೊಂದು ಪ್ರನಾಳ ಪ್ರತಿ ಉಷ್ಣತೆಗೂ ಪ್ರತಿ ಪಿಎಚ್‌ಗೂ ಇದ್ದರೆ ಈ ಗೊಂದಲವೇ ಇರದು. ಬಹಳಷ್ಟು ಲ್ಯಾಬ್‌ಗಳಲ್ಲಿ ಬಿಟ್ಟುಬಿಡುವುದೂ ಅದನ್ನೇ!

ಇನ್ನೊಂದು ಸಂಶಯ: ಪಿಷ್ಟ, ಜೊಲ್ಲು ಎರಡನ್ನೂ ಬೆರೆಸಿ ಆಮೇಲೆ ಬಿಸಿನೀರಿಗೆ ಇಳಿಸಿದಿರಾ? ಹಾಗಾದರೆ ಪ್ರನಾಳ 80ಕ್ಕೆ ಏರುವ ದಾರಿಯಲ್ಲೇ, 40ರ ಆಸುಪಾಸಿನಲ್ಲಿ, ಒಂದಷ್ಟು ಪಿಷ್ಟ ಒಡೆದಿರುತ್ತದೆ. 5 ಮಿ.ಲೀ. ಶೇ 1ರ ಪಿಷ್ಟ, 2 ಮಿ.ಲೀ. ಬಫರ್ (ಪಿಎಚ್ ಕದಲದಂತೆ ಹಿಡಿಯುವ ದ್ರಾವಣ), 1 ಮಿ.ಲೀ. ಶೇ 1ರ ಉಪ್ಪುನೀರು ಒಂದರಲ್ಲಿ, ಇಪ್ಪತ್ತು ಪಟ್ಟು ತೆಳುವಾಗಿಸಿ ಸೋಸಿದ ಜೊಲ್ಲು ಇನ್ನೊಂದರಲ್ಲಿ. ಎರಡನ್ನೂ ಐದು ನಿಮಿಷ ಅದೇ ನೀರಿನಲ್ಲಿಟ್ಟು, ನಂತರ 1 ಮಿ.ಲೀ. ಜೊಲ್ಲು ಬೆರೆಸಿ. ಉಪ್ಪು ಮರೆಯಬೇಡಿ, ಕ್ಲೋರೈಡ್ ಇಲ್ಲದೆ ಈ ಕಿಣ್ವ ಮಂದ. ನಿಮಿಷಕ್ಕೊಂದು ಹನಿ ತೆಗೆದು ಬಿಳಿ ಟೈಲ್ ಮೇಲಿನ ಅಯೋಡಿನ್‌ಗೆ ಬಿಡಿ. ಮೊದಲ ಹನಿಯೇ ನೀಲಿಯಾಗದಿದ್ದರೆ ಜೊಲ್ಲು ಗಟ್ಟಿಯಾಯಿತು, ಇನ್ನಷ್ಟು ನೀರು ಬೆರೆಸಿ.

ಪ್ರಶ್ನೆ: ಮಂಜುಗಡ್ಡೆಯಲ್ಲಿಟ್ಟ ಪ್ರನಾಳ ನೀಲಿ ಕೊಡುತ್ತಿತ್ತು. ಮೇಜಿನ ಮೇಲೆ ಮರೆತುಬಿಟ್ಟೆವು, ಆಮೇಲೆ ಕೊಡಲಿಲ್ಲ. ಏಕೆ?
– ಅವರದೇ ತರಗತಿಯ ಇನ್ನೊಬ್ಬರು

ಉತ್ತರ: ಚಳಿಯಲ್ಲಿ ಅಣುಗಳ ಓಡಾಟ ಕಡಿಮೆ, ಕೆಲಸ ನಿಧಾನ; ಕಿಣ್ವದ ಆಕಾರ ಕೆಡುವುದಿಲ್ಲ. ಬೆಚ್ಚಗಾದೊಡನೆ ಮತ್ತೆ ಶುರು. ಕುದಿಸಿದ್ದಾದರೆ ಪ್ರೋಟೀನಿನ ಮಡಿಕೆ ಬಿಚ್ಚಿ ಗಂಟುಕಟ್ಟುತ್ತದೆ, ತಣಿಸಿದರೂ ಪ್ರಯೋಜನವಿಲ್ಲ. ಪಿಎಚ್ ಇವೆರಡರ ನಡುವಿನದು. ಅಮೈಲೇಸಿನ ಕೆಲಸದ ಜಾಗದಲ್ಲಿರುವ ಅಮೈನೊ ಆಮ್ಲಗಳ ಪೈಕಿ ಆಸ್ಪಾರ್ಟಿಕ್ ಆಮ್ಲ ಪ್ರೋಟಾನ್ ಕಳೆದುಕೊಂಡಿರಬೇಕು, ಗ್ಲುಟಾಮಿಕ್ ಆಮ್ಲ ಹಿಡಿದುಕೊಂಡಿರಬೇಕು. ಪಿಎಚ್ ಸ್ವಲ್ಪ ಜಾರಿದರೆ ಈ ಜೋಡಿ ತಪ್ಪುತ್ತದೆ, ಸರಿಪಡಿಸಿದರೆ ಕೂಡುತ್ತದೆ. ಪಿಎಚ್ 2ರಂಥ ಆಮ್ಲದಲ್ಲಿ ಹೊತ್ತು ಕಳೆದರೆ ಮಾತ್ರ ಕುದಿಸಿದಷ್ಟೇ ಹಾಳು.